‘ಕಾರಿಗೆ’ ಎಂದು ಬರೆದಿಟ್ಟ ಕ್ಯಾನು

ಅವರ್ಸಾ,
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ನಮ್ಮನೆಯವರಿಗೆ,

ವಿಜೇತಾಳ ನಮಸ್ಕಾರ. ಎಂಜಿನ್ ರೂಮಿನ ಸೆಕೆಗೆ ಕೈಮೇಲೆ ಎದ್ದಿದ್ದ ಗುಳ್ಳೆಗಳು ಆರಿದವೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ಇಲ್ಲಾ ಹಡಗಿನ ಅಡುಗೆಯವನ ಮೇಲೆ ಸಿಟ್ಟು ಮಾಡಿಕೊಂಡು ಬಿಸ್ಕಿಟಿನಲ್ಲೇ ದಿನ ದೂಡುತ್ತೀರೋ? ಇಲ್ಲಿ ನಾವೆಲ್ಲ ಇದ್ದೇವೆ. ‘ಕ್ಷೇಮ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಗಾಬರಿಯಾಗಬೇಡಿ, ಮಾವ ಮನೆಯಲ್ಲೇ ಇದ್ದಾರೆ, ಈಗಷ್ಟೇ ಗಂಜಿ ಉಂಡು ಮಲಗಿದರು. ನಿಮಗೆ ಫೋನು ಹತ್ತಬೇಕಾದರೆ ಹಡಗು ಬಂದರು ಮುಟ್ಟಬೇಕು. ಹಡಗಿಗೆ ಹೊಸದಾಗಿ ಹೋಗುವವರ ಕೈಯಲ್ಲಿ ಮುಂಬಯಿ ಆಫೀಸಿನವರು ಕಾಗದ ಕಳಿಸುತ್ತಾರೆ ಎಂದಿದ್ದಿರಲ್ಲ, ಅದನ್ನು ನಂಬಿ ಬರೆಯುತ್ತಿದ್ದೇನೆ. ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. ಮಗನಿಗೆ ಬರೆದದ್ದನ್ನು ಒಂದಕ್ಷರ ಬಿಡದೆ ಓದಿದ ಮೇಲೆಯೇ ಅವರು ಲಕೋಟೆ ಅಂಟಿಸಲು ಬಿಡುವುದು, ನಿಮಗೆ ಗೊತ್ತೇ ಇದೆ.

ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ. ಹೋಗುವಾಗ ನೀವು ಕಾರಿನ ಪಾಠ ಹೇಳಿದಿರಿ. ವಾರಕ್ಕೊಮ್ಮೆ ಸಮನೆಲದಲ್ಲಿ ನಿಲ್ಲಿಸಿ ಎಣ್ಣೆ ಕಡ್ಡಿ ಎಳೆದು ನೋಡು. ಗಾಡಿಯ ಪುಸ್ತಕದಲ್ಲಿ ಎಣ್ಣೆಯ ನಂಬರು ಐದು ಡಬ್ಲ್ಯೂ ಮೂವತ್ತು ಎಂದಿದೆ, ಅದನ್ನೇ ಹಾಕು, ಊರವರ ಮಾತು ಕೇಳಬೇಡ. ಎಣ್ಣೆಯ ಕೆಂಪು ದೀಪ ಹತ್ತಿದರೆ ಮನೆ ಬಾಗಿಲು ಎದುರಿಗೇ ಕಂಡರೂ ಎಂಜಿನ್ ಬಂದ್ ಮಾಡು. ಕ್ಯಾನುಗಳ ಮೇಲೆ ದಪ್ಪ ಅಕ್ಷರದಲ್ಲಿ ‘ಕಾರಿಗೆ’ ಎಂದು ಬರೆದು ಶೆಡ್ಡಿನಲ್ಲಿ ಇಟ್ಟೂ ಹೋದಿರಿ. ಆದರೆ ಈ ಊರಲ್ಲಿ ಪಂಪ್‌ಸೆಟ್ ಇದ್ದವನೂ ಎಂಜಿನಿಯರ್, ದೋಣಿ ಇದ್ದವನೂ ಎಂಜಿನಿಯರ್. ಹೋದ ವಾರ ಕಡ್ಡಿಯಲ್ಲಿ ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಆಚೆಮನೆಯ ಅಶೋಕ ತನ್ನ ದೋಣಿಯ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ತೋರಿಸಿ, “ಹಳೇ ಗಾಡಿಗೆ ದಪ್ಪ ಎಣ್ಣೇನೇ ಹಾಕೂದು, ಆವಾಜೇ ಬರೂದಿಲ್ಲ” ಎಂದ. ನಾನು ನಂಬಿದೆ, ಹಾಕಿದೆ. ಓದಿದವಳ ಬುದ್ಧಿ ಇಷ್ಟೇ ಎಂದು ನೀವು ಅಂದರೆ ಅನ್ನಿಸಿಕೊಳ್ಳುತ್ತೇನೆ.

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಮಾವ ಹಿತ್ತಲಿಂದ ಎದೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಮೈಯೆಲ್ಲ ಬೆವರು. ಅಂಕೋಲೆಯಿಂದ ಆಂಬುಲೆನ್ಸು ಬರಲಿ ಎಂದು ಕಾಯುವ ಧೈರ್ಯ ನನಗೆ ಸಾಲಲಿಲ್ಲ. ಅತ್ತೆ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತರು, ನಾನು ಕಾರವಾರಕ್ಕೆ ಹೊರಟೆ. ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳು, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಅಷ್ಟು ದೂರ ಹೋದವಳೇ ಅಲ್ಲ. ಅರ್ಗಾ ದಾಟುವವರೆಗೆ ಗಾಡಿ ಸರಿಯಿತ್ತು. ಬಿಣಗಾದಲ್ಲಿ ಎಂಜಿನ್ನಿನೊಳಗೆ ಟಕಟಕ ಶುರುವಾಯಿತು. ಸುರಂಗದ ಬಾಯಲ್ಲಿ ಕೆಂಪು ದೀಪ ಹತ್ತಿತು. ನಿಲ್ಲಿಸು ಎಂದ ನಿಮ್ಮ ಮಾತು ಕಿವಿಯಲ್ಲಿತ್ತು, ಹಿಂದೆ ಮಾವನ ಉಸಿರು ಕೇಳುತ್ತಿತ್ತು. ಅತ್ತೆ, “ನಿಲ್ಸಬೇಡ ಮಗಾ, ನಿಲ್ಸಬೇಡ” ಎಂದರು. ನಾನು ನಿಲ್ಲಿಸಲಿಲ್ಲ. ಎಂಜಿನ್ ಕಚ್ಚಿಕೊಂಡು ಸುರಂಗದ ಕತ್ತಲಲ್ಲಿ ನಿಂತರೆ ಇವರನ್ನು ಹೊತ್ತುಕೊಂಡು ಓಡಲಾದೀತೇ ಎಂದೆಲ್ಲ ಯೋಚನೆ ಬಂತು. ಅಂಥ ಹೆದರಿಕೆ ನಾನು ಹುಟ್ಟಿದ ಮೇಲೆ ಕಂಡಿಲ್ಲ. ಆಸ್ಪತ್ರೆಯ ಗೇಟು ದಾಟಿ ನಿಲ್ಲಿಸಿದ ಮೇಲೆ ಗಾಡಿ ಮತ್ತೆ ಚಾಲೂ ಆಗಲಿಲ್ಲ.

ಡಾಕ್ಟರು ರಕ್ತನಾಳದ ತಡೆ ತೆಗೆದು ಸ್ಟೆಂಟ್ ಹಾಕಿದ್ದಾರೆ, ನಿನ್ನೆ ಮನೆಗೆ ಕಳಿಸಿದರು. ಮತ್ತೆ ನೋವು ಬಂದರೆ ಒಂದು ಕ್ಷಣವೂ ತಡಮಾಡದೆ ಕರೆತನ್ನಿ ಎಂದಿದ್ದಾರೆ. ಕಾರನ್ನು ಅಂಕೋಲೆಯ ಮೆಕ್ಯಾನಿಕ್ ರಾಮನಾಥ ಎಳೆಸಿಕೊಂಡು ಹೋಗಿ, ಒಳಗಿದ್ದದ್ದನ್ನೆಲ್ಲ ಬಸಿದು ತೊಳೆದು, ಪುಸ್ತಕದಲ್ಲಿರುವ ನಂಬರಿನ ಎಣ್ಣೆಯನ್ನೇ ಹಾಕಿ ಕೊಟ್ಟಿದ್ದಾರೆ. ಸದ್ದು ಮಾತ್ರ ಪೂರ್ತಿ ಹೋಗಿಲ್ಲ. ಕಾರವಾರ ಮುಟ್ಟುತ್ತದೆಯೇ ಎಂದು ಕೇಳಿದೆ. “ಮುಟ್ಟಬೌದು” ಎಂದರು. ಆ ‘ಬೌದು’ ನನ್ನ ನಿದ್ದೆ ತಿಂದಿದೆ. ಇವತ್ತು ಬೆಳಿಗ್ಗೆಯಿಂದ ಮೂರು ಸಲ ಕಡ್ಡಿ ಎಳೆದು ನೋಡಿದ್ದೇನೆ. ಮಾವ ಕೆಮ್ಮಿದರೆ ನನ್ನ ಕೈ ಕೀಲಿಗೆ ಹೋಗುತ್ತದೆ. ಅತ್ತೆಯೂ ಸರಿಯಾಗಿ ಉಣ್ಣುತ್ತಿಲ್ಲ, ಹೊತ್ತು ಹೊತ್ತಿಗೆ ಮಾವನ ಅಂಗಾಲಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಾರೆ. ನೀವು ಒಮ್ಮೆ ಬಂದು ಈ ಗಾಡಿಯ ಸದ್ದು ಕೇಳಿ ಹೋದರೆ ನನಗೆ ಧೈರ್ಯ ಬರುತ್ತಿತ್ತು.

ಅಪ್ಪ ಅಮ್ಮನ ಆಶೀರ್ವಾದ ನಿಮಗಿದೆ. ಬಿಸಿ ಪೈಪುಗಳ ಹತ್ತಿರ ಜೋಪಾನ.

ನಿಮ್ಮ,
ವಿಜೇತಾ

ತಾ.ಕ.: ಸೋಮವಾರ, ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಕೂತು, ಅತ್ತೆ ಅಂಟಿಸಿದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಅಶೋಕನ ಎಣ್ಣೆಯನ್ನು ನಾನು ಹಾಕಿಯೇ ಇಲ್ಲ. ನಿಮ್ಮ ಅಕ್ಷರವಿದ್ದ ಕ್ಯಾನಿನಿಂದಲೇ ಹಾಕಿದ್ದು. ಖಾಲಿಯಾದ ಒಂದು ಕ್ಯಾನನ್ನು ಅತ್ತೆ ಬಿಸಿನೀರಲ್ಲಿ ತೊಳೆದು, ಗಾಣದಿಂದ ತಂದ ಹೊಸ ಕೊಬ್ಬರಿ ಎಣ್ಣೆ ತುಂಬಿ ಶೆಡ್ಡಿನಲ್ಲೇ ಇಟ್ಟಿದ್ದರು. ನಮ್ಮ ಮನೆಯಲ್ಲಿ ಯಾವ ಡಬ್ಬ ಖಾಲಿ ಕೂತಿದೆ ಹೇಳಿ? ನನಗೆ ನೆಗಡಿಯಾಗಿ ಮೂಗು ಕಟ್ಟಿತ್ತು, ಮಧ್ಯಾಹ್ನದ ಬಿಸಿಲಿಗೆ ಎಣ್ಣೆ ಕರಗಿ ತಿಳಿಯಾಗಿತ್ತು. ಒಂದೂವರೆ ಲೀಟರ್ ಸುರಿದೆ. ರಾಮನಾಥ ಗಾಡಿ ಒಯ್ದ ಮರುದಿನ ಬೆಳಿಗ್ಗೆ ಕಡ್ಡಿ ಎಳೆದಾಗ ಬೆಳ್ಳಗೆ ಕಟ್ಟಿಕೊಂಡಿತ್ತಂತೆ. “ಚಳಿಗೆ ಬೆಣ್ಣೆ, ಬಿಸಿಗೆ ನೀರು, ಎಂಜಿನ್ ಹೆಂಗೆ ತಡೀತದೆ ಅಕ್ಕಾ” ಎಂದರು. ಅವರ ಬಾಯಿ ಕಟ್ಟಿದ್ದೇನೆ, ಅಶೋಕ ಪಾಪ ಬೈಗುಳ ತನ್ನ ಮೇಲೆ ಹಾಕಿಕೊಳ್ಳಲು ಒಪ್ಪಿದ್ದಾನೆ. ಅಂಗಡಿಯ ಕೊಬ್ಬರಿ ಎಣ್ಣೆ ತಂದು ಆ ಕ್ಯಾನನ್ನು ಮೊದಲಿನಷ್ಟೇ ತುಂಬಿಸಿಟ್ಟೆ. ನಿನ್ನೆ ಅತ್ತೆ ಅದನ್ನು ಮೂಸಿ ನನ್ನ ಮುಖ ನೋಡಿದರು, ನನ್ನ ಜೀವ ಹೋದಂತಾಯಿತು. ಮಾವನಿಗೆ ಗೊತ್ತು. “ಸುರಂಗದಲ್ಲಿ ಹಪ್ಪಳ ಕರಿದಂಗೆ ವಾಸನೆ ಬಂತು, ನಂಗೆ ತಿಳೀತು. ಅವಳ ಹತ್ರ ಹೇಳೂಕೆ ಹೋಗಬೇಡ ಮಗಾ” ಎಂದರು. ಬಂದರು ಮುಟ್ಟಿದ ಕೂಡಲೇ ಫೋನ್ ಮಾಡಿ, ದೋಣಿ ಎಣ್ಣೆ ಹಾಕಿದ್ದಕ್ಕೆ ಅತ್ತೆಗೆ ಕೇಳುವಷ್ಟು ಜೋರಾಗಿ ನನ್ನನ್ನು ಬೈಯಿರಿ. ಅವರು ಆ ಕ್ಯಾನಿನಿಂದಲೇ ಅಂಗೈಗೆ ಎಣ್ಣೆ ಬಗ್ಗಿಸಿಕೊಂಡು ಮಾವನ ಕಾಲು ತಿಕ್ಕುವುದು. ಗೊತ್ತಾದರೆ ಆ ಕೈ ಮತ್ತೆ ಮಾವನನ್ನು ಮುಟ್ಟಲಾರದು.