ಮಡಿಲಲ್ಲಿಟ್ಟ ಟೋಪಿ

ಬೆಣ್ಣಿಹಾಳ, 30 ಫೆಬ್ರವರಿ 2214

ಇಂದಿನ ಪೊಲೀಸ್ ಕಮಿಷನರ್ ಸಾಹೇಬರಿಗೆ, ಇನ್ನೂ ಹುಟ್ಟಿರದ ಕಸ್ತೂರಿ ಬಾರಕೇರ ಮಾಡುವ ನಮಸ್ಕಾರ.

ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಮ್ಮೂರಿನ ಸಂತೆಯ ಪಕ್ಕದಲ್ಲಿ ಜವಾಬುಕಟ್ಟೆ ಇದೆ. ಪೊಲೀಸರಿಂದ ನೊಂದವರು ಕಟ್ಟೆಯ ಮೇಲೆ ಕೂರುತ್ತಾರೆ, ಕಮಿಷನರ್ ಕೆಳಗೆ ಚಾಪೆಯ ಮೇಲೆ. ಮೊದಲು ಅವರು ತಮ್ಮ ಟೋಪಿ ತೆಗೆದು ನೊಂದವರ ಮಡಿಲಲ್ಲಿ ಇಡಬೇಕು. ಉತ್ತರ ಸರಿಯೆನಿಸಿದರೆ ಟೋಪಿ ಮರಳುತ್ತದೆ, ಇಲ್ಲದಿದ್ದರೆ ಬರಿತಲೆಯಲ್ಲಿ ಮನೆಗೆ, ಮತ್ತೆ ನೌಕರಿಗಿಲ್ಲ. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದರೆ ಸಂತೆಗೆ ಸಂತೆಯೇ ಗೊಳ್ಳೆಂದು ನಗುತ್ತದೆ. ಮಂಡಕ್ಕಿ ಗಿರ್ಮಿಟ್ ಮಾರುವವರಿಗೆ ಅಂದು ಭರ್ಜರಿ ವ್ಯಾಪಾರ. ಹೌದು, ಗಿರ್ಮಿಟ್ ಇನ್ನೂ ಇದೆ, ಚಿಂತೆ ಬೇಡ.

ಇವತ್ತು ಕಟ್ಟೆಯ ಮೇಲೆ ನಾನೇ ಕೂತಿದ್ದೆ. ಮೋಡಪಾಲು, ಅಂದರೆ ಮೋಡ ಕರಗಿಸಿ ಬೀಳಿಸಿದ ಮಳೆಯಲ್ಲಿ ಊರೂರಿಗೆ ಸಿಗುವ ಹಂಚಿಕೆ, ಅದನ್ನು ಕೇಳಲು ಹೊರಟ ಮೆರವಣಿಗೆಯಲ್ಲಿ ನನ್ನ ಮಗ ಈರಣ್ಣನ ಬಲಗೈ ಲಾಠಿ ಏಟಿಗೆ ಮುರಿಯಿತು. ಅವನು ನೇಕಾರ, ಆ ಕೈ ಇನ್ನು ಲಾಳಿ ಎಸೆಯಲಾರದು. ಕಮಿಷನರ್ ಫಕ್ಕೀರಪ್ಪ ತಳವಾರರು ಪೇದೆಯಾಗಿ ಸೇರಿ ಮೇಲೇರಿದವರು, ಮುಂದಿನ ವಾರ ಇಡೀ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಬೇಕಿದ್ದವರು. ತಪ್ಪು ಒಪ್ಪಿಕೊಂಡರೆ ಆ ಹುದ್ದೆ ಕೈತಪ್ಪುತ್ತಿತ್ತು. ಹೊಡೆದ ಪೇದೆಯ ತಲೆಗೆ ಕಟ್ಟಿ ಪಾರಾಗಬಹುದಿತ್ತು. ಆ ಪೇದೆ ಅಲ್ಲೇ ಮೂಲೆಯಲ್ಲಿ ಬೆವರುತ್ತ ನಿಂತಿದ್ದ.

“ನನ್ನ ಮಗನ್ನ ಯಾಕ ಹೊಡಿಸಿದ್ರಿ?” ಎಂದೆ.

ಅವರು ಪೇದೆಯ ಕಡೆ ಒಮ್ಮೆ ನೋಡಿ, “ಹೊಡೀರಿ ಅಂದಾಂವ ನಾನ ಯವ್ವಾ. ಅಷ್ಟು ಜನಾ ನೋಡಿ ಹೆದರಿದ್ನಿ. ನಿಮ್ಮ ಹುಡುಗಂದೇನೂ ತಪ್ಪಿಲ್ಲ, ಈ ಪೇದೆದೂ ಇಲ್ಲ” ಎಂದರು.

ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯುವುದೂ ಇಲ್ಲ, ದಿನಾ ಆ ಕೈಗೆ ಎಣ್ಣೆ ತಿಕ್ಕುವವಳು ನಾನು. ಆದರೂ ಟೋಪಿಯನ್ನು ಅವರ ಕೈಗೆ ಕೊಟ್ಟೆ. ಅವರ ದೊಡ್ಡ ಹುದ್ದೆ ಹೋಯಿತು. ಎದುರಿಗೆ ಕೂತು ನಿಜ ಹೇಳುವವರು ನಮ್ಮೂರಿನಲ್ಲಾದರೂ ಉಳಿಯಲಿ ಎನಿಸಿತು. ಸಂಜೆ ಈರಣ್ಣ ಮತ್ತೆ ಮೆರವಣಿಗೆಗೆ ಹೊರಟ. ನಾನು ತಡೆಯಲಿಲ್ಲ.

ಸಾಹೇಬರೇ, ಈ ಪದ್ಧತಿ ಕಾನೂನಿನಿಂದ ಹುಟ್ಟಿದ್ದಲ್ಲವಂತೆ. ನಿಮ್ಮ ಕಾಲದ ಅಧಿಕಾರಿಯೊಬ್ಬರು, ಯಾರೂ ಕೇಳದೆಯೇ, ತಾಯಿಯೊಬ್ಬಳ ಮಡಿಲಲ್ಲಿ ಟೋಪಿ ಇಟ್ಟು ನೆಲದ ಮೇಲೆ ಕೂತರಂತೆ. ಅವರ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ನಾಳೆ ನಿಮ್ಮ ಕಚೇರಿಯ ಹೊರಗಿನ ಬೆಂಚಿನಲ್ಲಿ ಒಬ್ಬ ತಾಯಿ ಕಾಯುತ್ತಿದ್ದರೆ, ದಯವಿಟ್ಟು ಎದ್ದು ಹೊರಗೆ ಬನ್ನಿ. ಆ ಅಧಿಕಾರಿ ನೀವೇ ಇರಬಹುದು.