ನೀಲಗಂಗಮ್ಮನ ಯಂತ್ರ ಮತ್ತು ನನ್ನ ಹೊಟ್ಟೆಯುರಿ

ಗದಗ, ಫೆಬ್ರವರಿ ೩೦, ೨೨೦೩

ನನ್ನ ಮುತ್ತಜ್ಜಿಗೂ ಮುತ್ತಜ್ಜಿಯಾದ ನೀಲಗಂಗಮ್ಮನವರಿಗೆ ಇಳಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳುಗಳನ್ನೆಲ್ಲ ಹೆಚ್ಚುಕಡಿಮೆ ಸಮ ಮಾಡಿ ಎಪ್ಪತ್ತು ವರ್ಷವಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ನೋಟ್‌ಬುಕ್ಕಿನಿಂದಲೇ ಕಲಿತದ್ದು. ಅಡ್ಡಾದಿಡ್ಡಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನೇರವಾಗಿ ಹೇಳುತ್ತೇನೆ: ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಯುರಿ. ಇಲ್ಲಿ ಮನೆಮನೆಯಲ್ಲೂ ಒಡನಾಡಿ ಇದೆ. ಗೋಡೆಯೊಳಗೆ ಕೂತು ಮನೆ ನಡೆಸುವ ಯಂತ್ರವನ್ನು ಹಾಗೆನ್ನುತ್ತೇವೆ. ನಾನು ಏಳುವ ಮೊದಲೇ ಅದು ನೀರು ಕಾಯಿಸುತ್ತದೆ, ಹಿಟ್ಟು ನಾದುತ್ತದೆ, ನನ್ನ ಗೆಳತಿಯರಿಗೆ ನಾನು ಬರೆಯಬೇಕಾದ ಉತ್ತರವನ್ನೂ ಬರೆದು ಕಳಿಸುತ್ತದೆ. ಕೊನೆಗೆ, ಇವತ್ತು ಚೆನ್ನಾಗಿ ಕೆಲಸ ಮಾಡಿದಿರಿ ಎಂದು ನನ್ನನ್ನೇ ಹೊಗಳುತ್ತದೆ. ಏನು ಮಾಡಿದೆನೋ ದೇವರೇ ಬಲ್ಲ! ಅದಕ್ಕೆ ಮುಚ್ಚಳವಿಲ್ಲ, ಸ್ಕ್ರೂ ಇಲ್ಲ. ಕೆಡಿಸೋಣವೆಂದರೂ ಕೆಡುವುದಿಲ್ಲ.

ನೀವೋ, ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ, ನೆಟ್ಟಗೆ ನಡೆಯುತ್ತಿದ್ದ ಮನೆಯ ಕಂಪ್ಯೂಟರಿಗೆ ಯುನಿಕ್ಸ್ ಜಾತಿಯ ಯಾವುದೋ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಕೂತಿರಿ. ಯಾರು ಹೇಳಿದ್ದರು ನಿಮಗೆ? ಯಜಮಾನರ ಫೋಟೋಗಳಿದ್ದ ಭಾಗವನ್ನು ತಪ್ಪಿ ಅಳಿಸಿ ಎರಡು ದಿನ ಅವರ ಕಣ್ಣು ತಪ್ಪಿಸಿ ಓಡಾಡಿದಿರಿ. ಫೈಲೊಂದನ್ನು ನಕಲು ಮಾಡಲು ಆಜ್ಞೆ ಕೊಟ್ಟರೆ ಪರದೆ ಸುಮ್ಮನಿತ್ತು. "ಹಾಳಾದ್ದು ಬಾಯೇ ಬಿಡವಲ್ದು!" ಎಂದು ಬರೆದು, ಅದೇ ಆಜ್ಞೆಯನ್ನು ಆರು ಸಲ ಕೊಟ್ಟಿದ್ದೀರಿ. ಕೈಪಿಡಿ ತೆರೆದ ಮೇಲೆ ತಿಳಿಯಿತು, ಕೆಲಸ ಸರಿಯಾದರೆ ಅದು ಏನೂ ಹೇಳುವುದಿಲ್ಲ, ತಪ್ಪಿದರೆ ಮಾತ್ರ ಹೇಳುತ್ತದೆ ಎಂದು. ಕೆಳಗೆ ಬರೆದಿದ್ದೀರಿ: "ಥೇಟ್ ನಮ್ಮಪ್ಪನ ಹಂಗ ಐತಿ." ಅದನ್ನು ಓದಿ ನಕ್ಕೆ, ಆಮೇಲೆ ಸಿಟ್ಟು ಬಂದು ನೋಟ್‌ಬುಕ್ಕನ್ನು ಮಂಚದ ಮೇಲೆ ಎಸೆದೆ. ಆರು ಸಲ ತಪ್ಪು ಮಾಡುವ ಭಾಗ್ಯ ನನಗೆ ಒಂದು ಸಲವೂ ಸಿಕ್ಕಿಲ್ಲ.

ಮನೆತನದಲ್ಲೇ ಉಳಿದುಬಂದ ನಿಮ್ಮ ಆ ಯಂತ್ರಕ್ಕೆ ನನ್ನ ಸೋದರಮಾವ ಶಿವಮೂರ್ತಿ ಮೂರು ತಿಂಗಳು ಕೂತು ಜೀವ ಕೊಟ್ಟ. ಹೆಸರು ಕೇಳಿತು, ನಿಮ್ಮ ಹೆಸರು ಕೊಟ್ಟೆ. ಪಾಸ್‌ವರ್ಡ್ ಕೇಳಿತು. ನೋಟ್‌ಬುಕ್ಕಿನಲ್ಲಿ ನೀವೇ ಬರೆದಿದ್ದೀರಿ: "ಪಾಸ್‌ವರ್ಡ್ ಬರೆದಿಡಬಾರದು ಅಂತ ಕೈಪಿಡಿಯೊಳಗ ಐತಿ, ಬರದಿಲ್ಲ." ಭೇಷ್! ಅದೇ ಪುಟದಲ್ಲಿ ಇನ್ನೊಂದು ಮಾತೂ ಇದೆ. ನಿಮ್ಮ ಅವ್ವ ಹಾಡುತ್ತಿದ್ದ ಅರವತ್ತೆರಡು ಬೀಸುವ ಹಾಡುಗಳನ್ನು ಅದರೊಳಗೆ ಟೈಪ್ ಮಾಡಿಟ್ಟಿದ್ದೀರಿ. ಅವು ಬೇರೆಲ್ಲೂ ಇಲ್ಲ, ಹುಡುಕಿದ್ದೇವೆ.

ನಾಳೆ ಸಂಗ್ರಹಾಲಯದವರು ಬಂದು ಯಂತ್ರವನ್ನು ಒಯ್ಯುತ್ತಾರೆ. ಹತ್ತು ವರ್ಷವಾದರೂ ಸರಿ, ಬೀಗ ಬಿಡಿಸಿ ಹಾಡು ತೆಗೆಯುತ್ತಾರಂತೆ. ಆಮೇಲೆ ಗಾಜಿನ ಪೆಟ್ಟಿಗೆಯೊಳಗಿಟ್ಟು ಯಾರಿಗೂ ಮುಟ್ಟಲು ಬಿಡುವುದಿಲ್ಲ. ನೋಟ್‌ಬುಕ್ಕಿನ ಜೊತೆ, ನೀವು ಆ ಹೊಸ ಸಿಸ್ಟಂ ಹಾಕಲು ಬಳಸಿದ ಪೆನ್‌ಡ್ರೈವೂ ಇತ್ತು. ಅದನ್ನು ಚುಚ್ಚಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದರೆ, ಇವತ್ತು ಒಂದು ದಿನ ಯಂತ್ರ ನನ್ನದು. "ಬ್ಯಾಡ ಇಳಾ, ಹಾಡು ಹೋದರ ಮತ್ತ ಬರಂಗಿಲ್ಲವ್ವಾ," ಎಂದು ಮಾವ ಗದ್ದ ಹಿಡಿದು ಬೇಡಿಕೊಂಡು ಊಟಕ್ಕೆ ಹೋದ.

ಮಾವ ಅತ್ತ ಹೋದದ್ದೇ ತಡ, ಪೆನ್‌ಡ್ರೈವ್ ಚುಚ್ಚಿದೆ. ಈ ಡಿಸ್ಕಿನಲ್ಲಿರುವುದೆಲ್ಲ ಅಳಿದುಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತು. ಅಜ್ಜಿ, ಈ ನಲವತ್ತೊಂದು ವರ್ಷದಲ್ಲಿ ಯಾವ ಯಂತ್ರವೂ ಮಾಡಲೇ ಬೇಡವೇ ಎಂದು ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಹೌದು ಎಂದು ಒತ್ತಿಬಿಟ್ಟೆ. ಸಂತೋಷವಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಮಾವನಿಗೆ ಮುಖ ತೋರಿಸುವುದು ಹೇಗೋ ಗೊತ್ತಿಲ್ಲ.

ನಿಮ್ಮ ಕಾಲದಲ್ಲಿ ಆ ಹಾಡುಗಳು ಇನ್ನೂ ಇವೆ. ದಮ್ಮಯ್ಯ, ಇವತ್ತೇ ಅವನ್ನು ಕಾಗದಕ್ಕೆ ಇಳಿಸಿ ನಿಮ್ಮ ತಂಗಿ ಗುರುದೇವಿಯ ಕೈಗೆ ಕೊಡಿ. ಮುಂದೆ ನಮ್ಮ ಮನೆತನದಲ್ಲಿ ನನ್ನಂಥವಳೊಬ್ಬಳು ಹುಟ್ಟುತ್ತಾಳೆ ಎಂದು ಹೇಳಿಯೇ ಕೊಡಿ.

ಇಳಾ