ಕೊನೆಯ ಬೆಂಚಿನ ಅಪ್ಪ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಅತ್ತಿಗೆಯ ಕೆಮ್ಮು ವಾಸಿಯಾಯಿತೇ? ನಾನು ಗಟ್ಟಿಯಾಗಿದ್ದೇನೆ. ಅಪ್ಪನ ಹೊಲಿಗೆ ಮಿಷನ್ನೂ ನನ್ನಷ್ಟೇ ಗಟ್ಟಿ, ನನ್ನಷ್ಟೇ ಸದ್ದು ಮಾಡುತ್ತದೆ.

ನಿನ್ನ ಕಾಗದ ತಲುಪಿತು. ಅಪ್ಪ ತೀರಿಕೊಂಡು ವರ್ಷವಾಯಿತೆಂದು ಇಲ್ಲಿನ ಚರ್ಚಿನಲ್ಲಿ ಅವರ ಫೋಟೊ ಹಾಕಿಸುತ್ತೀಯಂತೆ, ಕೆಳಗೆ ‘ನಂಬಿಗಸ್ತ ಸೇವಕ’ ಎಂದು ಬರೆಸುತ್ತೀಯಂತೆ. ನಗುಮುಖದ್ದೊಂದು ಕಳಿಸು ಎಂದಿದ್ದೀಯ. ಕಳಿಸುವುದಿಲ್ಲ ಅಣ್ಣಾ. ಚರ್ಚಿನಲ್ಲಿ ಇಂಪಾಗಿ ಹಾಡಿ ಮನೆಯಲ್ಲಿ ನನ್ನ ಮೇಲೆ ಕೈ ಮಾಡುತ್ತಿದ್ದ ಗಂಡನನ್ನು ಬಿಟ್ಟು ನಾನು ಬಂದಾಗ, ಮಗಳನ್ನು ವಾಪಸು ಕಳಿಸಬೇಕೆಂದು ಚರ್ಚಿನ ಕಮಿಟಿ ಅಪ್ಪನಿಗೆ ಹೇಳಿತು. ಅಪ್ಪ ಒಪ್ಪಲಿಲ್ಲ. ಅವರಿಗೆ ಪ್ರಭುಭೋಜನ ಕೊಡಬಾರದೆಂದು ಪತ್ರ ಬಂತು. ಕೆಳಗೆ ಕಾರ್ಯದರ್ಶಿಯ ಸಹಿ. ಆಗ ಕಾರ್ಯದರ್ಶಿ ಯಾರಾಗಿದ್ದರೆಂದು ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಬೇರೆ ಊರಿಗೆ ವರ್ಗವಾಗಿ ಹೋದೆ. ಆ ಪತ್ರ ಮಾತ್ರ ಇಲ್ಲೇ ಉಳಿಯಿತು.

ಅಪ್ಪ ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ. ಐದು ವರ್ಷ ಕೊನೆಯ ಬೆಂಚಿನಲ್ಲಿ ಕೂತರು. ಎಲ್ಲರೂ ಎದ್ದು ಪ್ರಭುಭೋಜನದ ರೊಟ್ಟಿಗೆ, ದ್ರಾಕ್ಷಾರಸಕ್ಕೆ ಮುಂದೆ ಹೋಗುವಾಗ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತೇ ಇರುತ್ತಿದ್ದರು. ಪಾಸ್ಟರ ಮೈಮೇಲಿದ್ದದ್ದು ಅಪ್ಪನೇ ಹೊಲಿದ ನಿಲುವಂಗಿ. ಒಂದು ಸಲ ನಾನು ಅಪ್ಪನ ಕಡೆ ತಿರುಗಿದರೆ, ಅವರು ನನ್ನ ಕಿವಿಯಲ್ಲಿ, “ಎಡಗಡೆ ತೋಳು ಉದ್ದ ಆಗ್ಬಿಟ್ಟಿದೆ ಕಣೇ, ಮಡಚಿ ಹೊಲಿದುಕೊಡ್ಬೇಕು” ಅಂದರು. ಹೊರಗೆ ಬಂದಮೇಲೆ ಕೇಳಿದೆ, “ಇಷ್ಟಾದ್ರೂ ಯಾಕಪ್ಪಾ ಬರ್ತೀಯ ಇಲ್ಲಿಗೆ?” “ಇದು ಕಮಿಟಿಯವರ ಮನೆ ಅಲ್ವಲ್ಲಮ್ಮ.” ಅಷ್ಟೇ.

ಅಪ್ಪ ಹಾಸಿಗೆ ಹಿಡಿದ ಮೇಲೆ, ಮನೆಗೆ ಬಂದು ಪ್ರಭುಭೋಜನ ಕೊಡಿ ಎಂದು ಪಾಸ್ಟರನ್ನು ಕರೆಯಲು ಎರಡು ಸಲ ಹೋದೆ. ಕಮಿಟಿಯನ್ನು ಕೇಳಬೇಕು ಅಂದರು. ಎರಡನೆಯ ಸಲ ಹೋಗಿ ಬಂದ ಮರುದಿನ ಬೆಳಿಗ್ಗೆ ನಾನು ಚಹಾದ ಜೊತೆ ಕೊಟ್ಟ ಬ್ರೆಡ್ಡನ್ನು ಅಪ್ಪ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥಿಸಿ, ಮುರಿದು, ಅರ್ಧ ನನ್ನ ಬಾಯಿಗಿಟ್ಟರು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ. ಉಳಿದರ್ಧವನ್ನು ಅವರು ನೆಮ್ಮದಿಯಾಗಿ ಅಗಿದು ತಿಂದರು. ಆ ಮುಖದ ಫೋಟೊ ನನ್ನ ಹತ್ತಿರವಿಲ್ಲ. ಇದ್ದಿದ್ದರೂ ಆ ಗೋಡೆಗೆ ಕೊಡುತ್ತಿರಲಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ನಿನ್ನನ್ನೂ ಇಟ್ಟಿರಲಿ, ಅದು ಅವನಿಗೆ ಬಿಟ್ಟದ್ದು.

ನಿನ್ನ ತಂಗಿ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಸಾಯುವ ಮೂರು ದಿನ ಮೊದಲು ಅಪ್ಪ, “ಅಣ್ಣಂಗೆ ಫೋನ್ ಮಾಡು. ನನ್ನ ಮನಸ್ಸಲ್ಲಿ ಏನೂ ಇಲ್ಲ ಅಂತ ಹೇಳು, ಒಂದ್ಸಲ ಬಂದು ಹೋಗ್ಲಿ” ಅಂದಿದ್ದರು. ನಾನು ಫೋನ್ ಮಾಡಲೇ ಇಲ್ಲ. “ಮಾಡಿದೆ, ಅವನಿಗೆ ಬರೋಕಾಗಲ್ವಂತೆ” ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಂಬಿದರು. “ಪಾಪ, ಕೆಲಸ ಇರುತ್ತೆ ಅವನಿಗೆ” ಅಂದರು.